ತೊಗರಿ ಗಿಡ ಆಳೆತ್ತರ, ಕಾಯಿ ಮಾತ್ರ ಇಲ್ಲ

ಮಾನ್ಯರೇ,

ಹಿತ್ತಲಲ್ಲಿ ತೊಗರಿ ಹಾಕಿದವರ ದೂರು ಸಾಮಾನ್ಯವಾಗಿ ಒಂದೇ: ಗಿಡ ಸೊಂಪಾಗಿ ಬಂತು, ಕಾಯಿ ಕಟ್ಟಲಿಲ್ಲ. ಬೀಜವನ್ನು ಬೈಯುವ ಮೊದಲು ಸುರಿದ ಗೊಬ್ಬರವನ್ನು ನೆನಪಿಸಿಕೊಳ್ಳಬೇಕು. ತೊಗರಿ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ತಾವೇ ಹಿಡಿದು ಕೊಡುತ್ತವೆ. ಅದರ ಮೇಲೆ ಯೂರಿಯಾ ಹಾಕಿ, ವಾರವಾರ ಸಗಣಿ ನೀರನ್ನೂ ಹೊಯ್ದರೆ ಸೊಪ್ಪು ಸೊಕ್ಕುತ್ತದೆ, ಹೂ ಹಿಂದೆ ಬೀಳುತ್ತದೆ. ಗುಣಿಗೆ ಎರಡು ಬೊಗಸೆ ಕಳಿತ ಕೊಟ್ಟಿಗೆ ಗೊಬ್ಬರ ಸಾಕು.

ಎರಡನೆಯ ತಪ್ಪು ಕಾಲದ್ದು. ಹಗಲು ಕಿರಿದಾದಾಗ ಹೂ ಬಿಡುವುದು ತೊಗರಿಯ ಗುಣ. ಮಾರ್ಚ್‌ನಲ್ಲಿ ನಾಟಿ ತಳಿ ಬಿತ್ತಿದವರಿಗೆ ಮಳೆಗಾಲ ಮುಗಿಯುವವರೆಗೂ ಸೊಪ್ಪೇ ಗತಿ. ನೆಲಕ್ಕೆ ಜೂನ್ ಸರಿ. ತಾರಸಿಯ ಕುಂಡಕ್ಕಾದರೆ ಸೆಪ್ಟೆಂಬರ್ ಒಳ್ಳೆಯದು, ಗಿಡ ಸೊಂಟದೆತ್ತರದಲ್ಲೇ ಹೂವಿಗೆ ಬರುತ್ತದೆ.

ಬೇಳೆ ಮೊಳೆಯದು (ಅದನ್ನೇ ಬಿತ್ತಿ ನೋಡುವವರೂ ಇದ್ದಾರೆ), ಇಡಿ ಕಾಳೇ ಬೇಕು. ತಳಿಗಳಲ್ಲಿ ಹಸಿ ಕಾಯಿಗೆ ಬಿಆರ್‌ಜಿ–1, ಗಿಡ ಬಾಡಿಸುವ ನೆಟೆ ರೋಗದ ಕಾಟವಿರುವಲ್ಲಿ ಟಿಎಸ್–3ಆರ್ ಆಗಬಹುದು. ಗುಣಿಯಿಂದ ಗುಣಿಗೆ 3 ಅಡಿ ಬಿಟ್ಟು, ಒಂದೂವರೆ ಇಂಚು ಆಳದಲ್ಲಿ ಮೂರು ಕಾಳು ಹಾಕಿ, ಹುಟ್ಟಿದ ಮೇಲೆ ಗಟ್ಟಿಯಾದ ಒಂದನ್ನೇ ಉಳಿಸಿ. 45–50 ದಿನಕ್ಕೆ ತುದಿಯ ಎರಡು ಇಂಚು ಕುಡಿ ಚಿವುಟಿದರೆ ಪಕ್ಕದ ಕವಲುಗಳು ಒಡೆಯುತ್ತವೆ. ತಡವಾಗಿ ಚಿವುಟಿದರೆ ಹೂವಿನ ಕವಲೇ ಹೋದೀತು. ಬುಡದಲ್ಲಿ ನೀರು ನಿಲ್ಲಬಾರದು. ಹೂ, ಕಾಯಿ ಹೊತ್ತಿಗೆ ಮಣ್ಣು ಬಿರಿಯುವಂತಿದ್ದರೆ ಮಾತ್ರ ನೀರು ಕೊಡಿ.

ಗೊಬ್ಬರ, ಕಾಲ ಎರಡೂ ಸರಿಯಿದ್ದು ಒಂದೇ ಗಿಡ ಹೂ ಬಿಡದಿದ್ದರೆ ಅದರ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ಎಲೆ ಸಣ್ಣದಾಗಿ, ತಿಳಿ ಹಸಿರು–ಕಡು ಹಸಿರಿನ ಮಚ್ಚೆ ಮಚ್ಚೆಯಾಗಿ, ಗಿಡ ಪೊದೆಯಂತಾಗಿದ್ದರೆ ಅದು ಗೊಡ್ಡು ರೋಗ. ಕಣ್ಣಿಗೆ ಕಾಣದ ನುಸಿ ಅದನ್ನು ಹರಡುತ್ತದೆ, ಮದ್ದಿಲ್ಲ. ಕಿತ್ತು ಸುಡಬೇಕು. ಹಳೆಯ ಗಿಡವನ್ನು ಕಡಿದು ಚಿಗುರಿಸಿಕೊಳ್ಳುವ ಆಸೆಯೂ ಬೇಡ, ನುಸಿಗೆ ಅದೇ ತವರು. ಹೂವಿನಲ್ಲಿರುವ ಗಿಡ ತಟ್ಟನೆ ಬಾಡಿದರೆ ಬುಡದ ಕಾಂಡ ಸೀಳಿ ನೋಡಿ. ಒಳಗೆ ಕಪ್ಪು ಗೆರೆಗಳಿದ್ದರೆ ನೆಟೆ ರೋಗ. ಆ ಜಾಗದಲ್ಲಿ ಮೂರು ವರ್ಷ ತೊಗರಿ ಬೇಡ.

ಕಾಯಿಕೊರಕ ಹುಳಕ್ಕೆ ಕಲಬುರಗಿ ಸೀಮೆಯ ಉಪಾಯವೇ ಚೆಂದ: ಬುಡದಲ್ಲಿ ಹಳೆಯ ಸೀರೆ ಹಾಸಿ, ಗಿಡ ಅಲುಗಾಡಿಸಿ, ಉದುರಿದ ಹುಳು ಕೋಳಿಗೆ ಹಾಕುವುದು. ಮರಿಹುಳು ಚಿಕ್ಕದಿದ್ದಾಗ ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ಪುಡಿ ರಾತ್ರಿ ನೆನೆಹಾಕಿ, ಮರುದಿನ ಸೋಸಿ, ಚೂರು ಸೋಪು ಬೆರೆಸಿ ಸಂಜೆ ಸಿಂಪಡಿಸಬಹುದು. ಬಲಿತ ಹುಳು ಕಾಯೊಳಗೆ ತಲೆ ತೂರಿಸಿದ ಮೇಲೆ ಇದರಿಂದ ಏನೂ ಆಗದು.

– ಓದುಗರು, ಚಿಕ್ಕಬಳ್ಳಾಪುರ