ಹೈಫಾ ಬಗ್ಗೆ ಬರೀತಿದೀಯಲ್ಲ, ಅದಕ್ಕೆ

ಪ್ರೀತಿಯ ಪುಟ್ಟಾ,

ನೀನು ಕಳ್ಸಿದ ಪ್ರಾಜೆಕ್ಟ್ ಎರಡು ಸಲ ಓದ್ದೆ. ಮೊದಲನೇ ಮಹಾಯುದ್ಧದಲ್ಲಿ ಬ್ರಿಟಿಷರ ಕಡೆಯಿಂದ ತುರ್ಕಿಯವರ ಮೇಲೆ, ಈಗಿನ ಇಸ್ರೇಲ್‌ನ ಹೈಫಾ ಊರಲ್ಲಿ ಕಾದಿದ ನಮ್ಮ ಸಂಸ್ಥಾನದ ಕುದುರೆಪಡೆ ಮೈಸೂರು ಲ್ಯಾನ್ಸರ್ಸ್ ಬಗ್ಗೆ ಬರೆಯೋಣ ಅನ್ಸಿತಲ್ಲ ನಿಂಗೆ, ಅದೇ ನಂಗೆ ದೊಡ್ಡ ಖುಷಿ. ಆದ್ರೆ ಒಂದು ಮಾತು ಮಗಾ, ನಿನ್ನ ಬರಹದಲ್ಲಿ ಕುದುರೆ ನುಗ್ಗುತ್ತೆ, ಈಟಿ ಮಿಂಚುತ್ತೆ, ಊರು ಗೆದ್ದಾಯ್ತು, ಆ ಕುದುರೆ ಅಲ್ಲೀತನಕ ಹೇಗೆ ಬಂತು ಅನ್ನೋದೇ ಇಲ್ಲ.

ನಾನು ಮಿಲಿಟರೀಲಿ ಸಪ್ಲೈ ಕೆಲಸ ಮಾಡ್ದೋನು. ರಾಜಸ್ಥಾನದ ಮರಳಲ್ಲಿ ಒಂದ್ಸಲ ನೀರಿನ ಟ್ಯಾಂಕರ್ ದಾರಿ ತಪ್ಪಿ ಮೂರು ಗಂಟೆ ತಡವಾಯ್ತು, ಆವತ್ತು ಗಟ್ಟಿಮುಟ್ಟಾದ ಹುಡುಗರೆಲ್ಲ ಲಾರಿ ನೆರಳಲ್ಲಿ ಒಂದು ಮಾತೂ ಆಡ್ದೆ ಕೂತಿದ್ದು ಇನ್ನೂ ಕಣ್ಮುಂದಿದೆ. ಕುದುರೆಗೆ ದಿನಕ್ಕೆ ಇಪ್ಪತ್ತೈದು ಮೂವತ್ತು ಲೀಟರ್ ಬೇಕು, ಸಾವಿರಾರು ಕುದುರೆ ಅಂದ್ರೆ ಲೆಕ್ಕ ಹಾಕು. 1917ರ ಅಕ್ಟೋಬರ್ 31ಕ್ಕೆ ತುರ್ಕಿಯವರ ಕೈಲಿದ್ದ ಬೀರ್‌ಷೆಬಾ ಊರಿನ ಮೇಲೆ ಆಸ್ಟ್ರೇಲಿಯಾದ ಸವಾರರು ಸಂಜೆಗತ್ತಲಲ್ಲಿ ನುಗ್ಗಿದ್ರಲ್ಲ, ಅಲ್ಲಿನ ಬಾವಿಗಳು ಕೈಗೆ ಸಿಗ್ದೆ ಇದ್ದಿದ್ರೆ ಕುದುರೆಗಳ ಗತಿ ಏನು ಅನ್ನೋದೇ ದೊಡ್ಡ ಚಿಂತೆ ಆಗಿತ್ತು.

ಅವರಿದ್ದ ಡೆಸರ್ಟ್ ಮೌಂಟೆಡ್ ಕೋರ್ ಅನ್ನೋ ದೊಡ್ಡ ಕುದುರೆಪಡೆನ ಬ್ರಿಟಿಷ್ ಸೇನಾಪತಿ ಅಲೆನ್ಬಿ ಕಟ್ಟಿದ್ದು 1917ರ ಆಗಸ್ಟಲ್ಲಿ, ಮೊದ್ಲಿದ್ದ ಡೆಸರ್ಟ್ ಕಾಲಮ್ ಅನ್ನೋ ಪಡೆನೇ ದೊಡ್ಡದು ಮಾಡಿ, ಮುಖ್ಯಸ್ಥ ಆಸ್ಟ್ರೇಲಿಯಾದ ಹ್ಯಾರಿ ಶೊವೆಲ್. ಶುರೂಲಿ ಇದ್ದಿದ್ದು ಆಸ್ಟ್ರೇಲಿಯಾ ನ್ಯೂಜಿಲೆಂಡ್‌ನವರ ಎರಡು ಡಿವಿಷನ್, ಬ್ರಿಟನ್ನಿನ ಸ್ವಯಂಸೇವಕ ಸವಾರರು, ಅಂದ್ರೆ ಯೋಮನ್ರಿಯವರದು ಒಂದು. 1918ರಲ್ಲಿ ಜರ್ಮನ್ನರು ಫ್ರಾನ್ಸ್‌ನಲ್ಲಿ ಜೋರಾಗಿ ನುಗ್ಗಿದಾಗ ಯೋಮನ್ರಿಯ ಬಹಳಷ್ಟು ರೆಜಿಮೆಂಟ್‌ಗಳನ್ನ ಅಲ್ಲಿಗೆ ಕಳ್ಸಿ, ಆ ಜಾಗಕ್ಕೆ ಭಾರತದ ಸವಾರರನ್ನ ತಂದ್ರು. 1914ರಿಂದ ಈಜಿಪ್ಟಲ್ಲೇ ಇದ್ದು ಸೂಯೆಜ್ ಕಾಲುವೆ ಕಾಯ್ದಿದ್ದ ನಮ್ಮ ಮೈಸೂರಿನವರು ಈ ಕೋರ್‌ನ 5ನೇ ಡಿವಿಷನ್ ಸೇರಿದ್ದು ಹಾಗೆ, 15ನೇ ಬ್ರಿಗೇಡ್ ಆಗಿ, ಮೈಸೂರು ಹೈದರಾಬಾದ್ ಜೋಧ್‌ಪುರ ಮೂರೂ ಸಂಸ್ಥಾನದ ಪಡೆ ಸೇರಿ. ಇದನ್ನ ನೀನು ಬರೀಲೇಬೇಕು.

ಇನ್ನೊಂದು, "ಹೈಫಾನ ಮೈಸೂರಿನವರೇ ಗೆದ್ರು" ಅಂತ ಬರ್ದಿದೀಯ, ಅದನ್ನ ತಿದ್ದು. 1918ರ ಸೆಪ್ಟೆಂಬರ್ 23ರಂದು ಊರೊಳಕ್ಕೆ ನುಗ್ಗಿದ್ದು ಜೋಧ್‌ಪುರದವರು, ಅವರ ಮೇಜರ್ ದಳಪತ್ ಸಿಂಗ್ ಆವತ್ತೇ ಪ್ರಾಣ ಬಿಟ್ರು. ನಮ್ಮವರ ಒಂದು ಸ್ಕ್ವಾಡ್ರನ್ ಕಾರ್ಮೆಲ್ ಬೆಟ್ಟದ ಕಡಿದಾದ ದಾರಿ ಹತ್ತಿ ಮೇಲಿದ್ದ ಫಿರಂಗಿಗಳ ಬಾಯಿ ಮುಚ್ಚಿಸೋಕೆ ಹೋಯ್ತು. ಕೆಳಗೆ ನುಗ್ಗೋರ ಜೀವ ಆ ಬೆಟ್ಟದ ಮೇಲಿತ್ತು ಪುಟ್ಟಾ, ಅದು ಕಮ್ಮಿ ಕೆಲಸ ಅಲ್ಲ. ಇದ್ದಿದ್ದನ್ನ ಇದ್ದಂಗೆ ಬರೆದ್ರೇ ಅವರಿಗೆ ಮರ್ಯಾದೆ, ಬೇರೆಯವರ ಪಾಲು ಕಿತ್ಕೊಂಡು ಕೊಡಬೇಡ.

ಆಮೇಲೆ ಅಕ್ಟೋಬರ್ 26ಕ್ಕೆ ಸಿರಿಯಾದ ಅಲೆಪ್ಪೊ ಹತ್ರ ಹರಿತಾನ್‌ನಲ್ಲೂ ಮೈಸೂರು ಜೋಧ್‌ಪುರ ಒಟ್ಟಿಗೇ ಕಾದಿದ್ರು. ತಿಂಗಳು ಮುಗಿಯೋದ್ರೊಳಗೆ ಆ ಕಡೆ ಯುದ್ಧ ನಿಂತೋಯ್ತು, 1919ರಲ್ಲಿ ಕೋರ್‌ನ ವಿಸರ್ಜನೆ ಮಾಡಿದ್ರು. ಎರಡು ವರ್ಷದ ಬಾಳು ಅಷ್ಟೆ. ದೆಹಲಿಯ ತೀನ್ ಮೂರ್ತಿ ಸ್ಮಾರಕ ಇರೋದು ಆ ಮೂರು ಸಂಸ್ಥಾನದವರಿಗೇ.

ಭಾನುವಾರ ಬಂದ್ಬಿಡು, ಜೆ.ಸಿ. ನಗರದಲ್ಲಿರೋ ಲ್ಯಾನ್ಸರ್ಸ್ ಸ್ಮಾರಕಕ್ಕೆ ಹೋಗೋಣ. ಬೆಳಿಗ್ಗೆ ಬೇಗ ಬಾ, ಬಿಸಿಲು ಓರೆಯಾಗಿ ಬಿದ್ದಾಗ ಕಲ್ಲಿನ ಮೇಲಿನ ಅಕ್ಷರ ಚೆನ್ನಾಗಿ ಕಾಣುತ್ತೆ. ನೋಟ್‌ಬುಕ್ ತಗೊಂಡು ಬಾ.

ನಿನ್ನ ದೊಡ್ಡಪ್ಪ