ಪರಿಸರದ ಹಾಡಿಗೆ ಊರೂ ಬೇಕು, ಬೇಡಿಕೆಯೂ ಬೇಕು

ಮಾನ್ಯ ಸಂಪಾದಕರೇ,

ಪರಿಸರದ ಕಾಳಜಿಯುಳ್ಳ ಯುವಜನರು ತಾವೇ ಕ್ಯಾಮೆರಾ ಹಿಡಿದು, ತಾವೇ ರಾಗ ಹಾಕಿ ಕಿರುಚಿತ್ರ, ಹಾಡುಗಳನ್ನು ಹೊರತರುತ್ತಿರುವುದು ಸಂತೋಷದ ಸಂಗತಿ. ಆದರೆ ವಿಶ್ವ ಪರಿಸರ ದಿನವಾದ ಜೂನ್ 5ರ ಆಸುಪಾಸಿನಲ್ಲಿ ಬರುವ ಇಂಥ ಹಾಡುಗಳಲ್ಲಿ ಹೆಚ್ಚಿನವು ಭೂತಾಯಿಯ ಸ್ತುತಿಯಲ್ಲೇ ಮುಗಿಯುತ್ತವೆ. ಡ್ರೋನ್‌ನಿಂದ ತೆಗೆದ ಹಸಿರು ಬೆಟ್ಟಗಳು ಧಾರಾಳವಾಗಿರುತ್ತವೆ. ಯಾವ ಊರಿನ ಯಾವ ಹಳ್ಳ ಯಾರಿಂದ ಕೆಟ್ಟಿತು ಎಂಬುದು ಮಾತ್ರ ಇರುವುದಿಲ್ಲ.

2015ರ ಜುಲೈ ಕೊನೆಯಲ್ಲಿ ಗಾಯಕಿ ಸೋಫಿಯಾ ಅಶ್ರಫ್ ಮತ್ತು ನಿರ್ದೇಶಕ ರತೀಂದ್ರನ್ ಪ್ರಸಾದ್ ಹೊರತಂದ ‘ಕೊಡೈಕೆನಾಲ್ ವೋಂಟ್’ ಎಂಬ ರ‍್ಯಾಪ್ ವಿಡಿಯೊ ಹಾಗಿರಲಿಲ್ಲ. ಅಮೆರಿಕದ ಜನಪ್ರಿಯ ಹಾಡೊಂದರ ಧಾಟಿಯನ್ನು ಎರವಲು ಪಡೆದಿದ್ದ ಅದು (ಸಂಗೀತದ ಮಡಿವಂತರು ಮೂಗು ಮುರಿದಿದ್ದರೂ ಆಶ್ಚರ್ಯವಿಲ್ಲ) ಹಿಂದೂಸ್ತಾನ್ ಯೂನಿಲಿವರ್ ಕಂಪನಿಯನ್ನು ಹೆಸರು ಹಿಡಿದೇ ಪ್ರಶ್ನಿಸಿತು. ತಮಿಳುನಾಡಿನ ಗಿರಿಧಾಮ ಕೊಡೈಕೆನಾಲ್‌ನಲ್ಲಿದ್ದ ಆ ಕಂಪನಿಯ ಥರ್ಮಾಮೀಟರ್ ಕಾರ್ಖಾನೆಯಿಂದ ವಿಷಕಾರಿ ಪಾದರಸ ಅಂಟಿದ ಒಡೆದ ಗಾಜು ಗುಜರಿ ಅಂಗಡಿ ಸೇರಿದ್ದು ಬಯಲಾಗಿ, 2001ರಲ್ಲೇ ಅದು ಮುಚ್ಚಿತ್ತು. ಮಾಜಿ ಕಾರ್ಮಿಕರಿಗೆ ಪರಿಹಾರ ಕೊಡಿ, ಮಣ್ಣನ್ನು ಶುದ್ಧಗೊಳಿಸಿ ಎಂಬ ಎರಡೇ ಬೇಡಿಕೆಗಳು ಹಾಡಿನಲ್ಲಿದ್ದವು. 2016ರ ಮಾರ್ಚ್‌ನಲ್ಲಿ ಕಂಪನಿಯು 591 ಮಂದಿ ಮಾಜಿ ಕಾರ್ಮಿಕರೊಂದಿಗೆ ಒಪ್ಪಂದಕ್ಕೆ ಬಂದಿತು; ಅದು ಮಾನವೀಯ ದೃಷ್ಟಿಯಿಂದ ಕೊಟ್ಟ ನೆರವೆಂಬುದು ಕಂಪನಿಯ ನಿಲುವು.

ಇದನ್ನು ಹಾಡೊಂದೇ ಸಾಧಿಸಿತು ಎಂದರೆ ಮದ್ರಾಸ್ ಹೈಕೋರ್ಟಿನಲ್ಲಿ ವರ್ಷಗಟ್ಟಲೆ ದಾವೆ ನಡೆಸಿದ ಕಾರ್ಮಿಕರಿಗೆ ಅನ್ಯಾಯವಾದೀತು. ಅವರು ಕೂಡಿಟ್ಟ ದಾಖಲೆಗಳಿದ್ದುದರಿಂದಲೇ ಹಾಡಿಗೆ ಹೇಳಲು ವಿಷಯವಿತ್ತು. ಹಾಡಿನಿಂದಾಗಿ ಆ ದಾಖಲೆಗಳತ್ತ ಹೊರಗಿನ ಜಗತ್ತು ತಿರುಗಿ ನೋಡಿತು. ಮಣ್ಣಿನ ಶುದ್ಧೀಕರಣ ಬಗೆಹರಿಯದೆ ಉಳಿದಾಗ 2018ರಲ್ಲಿ ಅದೇ ತಂಡ ಕರ್ನಾಟಕ ಸಂಗೀತದ ಗಾಯಕ ಟಿ.ಎಂ. ಕೃಷ್ಣ ಅವರನ್ನೂ ಕೂಡಿಕೊಂಡು ಇನ್ನೊಂದು ಹಾಡು ಮಾಡಿತು. ಹೊಸ ವಿಷಯ ಹುಡುಕಿಕೊಂಡು ಹೋಗದೆ ಹಿಡಿದದ್ದನ್ನೇ ಮತ್ತೆ ಹಿಡಿದ ಈ ಹಟವೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ನಮ್ಮಲ್ಲಿ ವಿಷಯಗಳಿಗೇನೂ ಬರವಿಲ್ಲ. ಬೆಂಗಳೂರಿನ ಬೆಳ್ಳಂದೂರು ಕೆರೆಗೆ 2017ರಲ್ಲೂ 2018ರಲ್ಲೂ ಬೆಂಕಿ ಬಿದ್ದದ್ದನ್ನು ನಾಡೇ ನೋಡಿದೆ. ಅದೇ ನಗರದ ವೃಷಭಾವತಿ ನದಿ ಇಂದಿಗೂ ಕೊಳಚೆಯಾಗಿ ಹರಿಯುತ್ತಿದ್ದಾಳೆ. ಇಂಥ ಕಲೆಗೆ ನಾವು ಹೊಸಬರೂ ಅಲ್ಲ: 1983ರಲ್ಲಿ ನಮ್ಮ ಶಿರಸಿ ಸೀಮೆಯ ಸಾಲ್ಕಣಿಯಲ್ಲಿ ಆರಂಭವಾದ, ಮರಗಳನ್ನು ಅಪ್ಪಿಕೊಂಡು ಕಡಿತ ತಡೆದ ಅಪ್ಪಿಕೋ ಚಳವಳಿಯು ಜನಪದ ಕಲೆಗಳನ್ನು ಜೊತೆಗಿಟ್ಟುಕೊಂಡೇ ಊರೂರಿಗೆ ಹೋಯಿತು, ಮತ್ತು ಅದರ ಬೇಡಿಕೆ ಏನೆಂಬುದು ಕೊಡಲಿ ಹಿಡಿದವನಿಗೂ ಸ್ಪಷ್ಟವಾಗಿತ್ತು.

ಆದುದರಿಂದ, ತಮ್ಮ ಪತ್ರಿಕೆಯು ಯುವ ಕಲಾವಿದರ ಪರಿಸರ ಚಿತ್ರ, ಹಾಡುಗಳನ್ನು ಪರಿಚಯಿಸುವಾಗ ಎಷ್ಟು ಲಕ್ಷ ಮಂದಿ ನೋಡಿದರೆಂದು ಬರೆಯುವುದಷ್ಟಕ್ಕೇ ನಿಲ್ಲದೆ, ಅವು ಹೆಸರಿಸಿದ ಜಾಗದಲ್ಲಿ ವರ್ಷದ ಬಳಿಕ ಏನಾಯಿತೆಂಬುದನ್ನೂ ವರದಿಗಾರರನ್ನು ಕಳುಹಿಸಿ ಪ್ರಕಟಿಸಬೇಕೆಂದು ಕೋರುತ್ತೇನೆ.

– ಓರ್ವ ಓದುಗ, ಶಿರಸಿ