ಗೊಂಬೆಗೂ ಮಂಡಿ ಇದೆ

ಎಲ್ರಿಗೂ ನಮಸ್ಕಾರ. ರಾತ್ರಿ ಹನ್ನೊಂದೂವರೆ ಆಯ್ತು, ಬೆಳಿಗ್ಗೆ ನಮ್ಮ ಸಂಘದ ಪತ್ರಿಕೆ ಪ್ರಿಂಟಿಗೆ ಹೋಗ್ಬೇಕು, ಈ ಪುಟ ಇನ್ನೂ ಖಾಲಿ. ಸದಸ್ಯತ್ವದ ಬಗ್ಗೆ ಬರೆಯೋಣ ಅಂತಿದ್ದೆ, ಆದ್ರೆ ಸಂಜೆ ಮಡಿಕೇರಿ ದಸರಾ ವಿಡಿಯೋ ನೋಡ್ತಾ ಮಗಳು ಕೇಳಿದ ಮಾತು ತಲೇಲೇ ಕೂತಿದೆ. ದಶಮಂಟಪದ (ರಾತ್ರಿ ಮೆರವಣಿಗೇಲಿ ಬರೋ ಹತ್ತು ದೇವಸ್ಥಾನಗಳ ಮಂಟಪ) ಮಹಿಷಾಸುರನ ಗೊಂಬೆ ಲೈಟು, ಹೊಗೆ ಮಧ್ಯೆ ಕೈಯೆತ್ತಿ ತಿರುಗ್ತಿತ್ತು. "ಅಮ್ಮ, ಇವ್ನ ಮಂಡಿ ಯಾಕೆ ಮಡಚಲ್ಲ?" ಅಂದ್ಲು.

ಮಂಟಪದವರ ಶ್ರಮ ಸಣ್ಣದಲ್ಲ, ರಾತ್ರಿಯಿಡೀ ನಿದ್ದೆಗೆಟ್ಟು ಅದನ್ನ ನೋಡಿ ಬೆಳೆದವಳು ನಾನು. ಆದ್ರೆ ಮಂಡಿ ಮಡಚೋ ಗೊಂಬೇನ ಕೈಯಲ್ಲಿ ಹಿಡಿದಿದ್ದು ಐದನೇ ಕ್ಲಾಸಲ್ಲಿ. ಕುಂದಾಪುರ ಕಡೆಯ ಸೂತ್ರದ ಗೊಂಬೆಯಾಟದವರು ನಮ್ಮ ಶಾಲೆಗೆ ಬಂದಿದ್ರು. ಹೊರಗೆ ಜಡಿಮಳೆ, ಶೀಟಿನ ಸದ್ದಲ್ಲಿ ಭಾಗವತರ ಪದ ಅರ್ಧ ಮುಳುಗಿ ಹೋಗ್ತಿತ್ತು, ಚೆಂಡೆ ಮಾತ್ರ ಕೇಳ್ತಿತ್ತು. ಆಟ ಮುಗಿದಿದ್ದೇ ಪರದೆ ಹಿಂದೆ ನುಗ್ಗಿದೆ. ವಯಸ್ಸಾದವ್ರೊಬ್ರು ಬೈಲಿಲ್ಲ, ಹನುಮಂತನ ಸೂತ್ರ ಕಟ್ಟಿದ ಕೋಲನ್ನೇ ಕೈಗೆ ಕೊಟ್ರು. ಎರಡಡಿಯ ಮರದ ಗೊಂಬೆ, ನಾನು ಎತ್ತಿದ ಕೂಡ್ಲೇ ಗಾಳೀಲಿ ಜೋತುಬಿತ್ತು. "ಮೇಲೆ ಎಳೀಬೇಡ ಮಗಾ, ಕಾಲು ನೆಲಕ್ಕೆ ತಾಗ್ಲಿ" ಅಂದ್ರು. ಇಳಿಸಿ ಮಂಡಿ ದಾರ ಒಂದನ್ನೇ ಮೆಲ್ಲಗೆ ಎಳೆದೆ. ಮಂಡಿ ಮಡಚ್ತು, ಹಿಮ್ಮಡಿ ಎದ್ದು ಹಲಗೆ ಮೇಲೆ ಟಕ್ ಅಂತ ಒಂದು ಹೆಜ್ಜೆ. ಆ ಟಕ್ ಇವತ್ತಿಗೂ ನನ್ನ ಬೆರಳಲ್ಲಿದೆ.

ಆಮೇಲೆ ಎಲ್ಲಿ ಗೊಂಬೆಯಾಟ ಇದ್ರೂ ನನ್ನ ಕಣ್ಣು ಕಾಲಿನ ಮೇಲೇ. ಜಪಾನಿನ ಬುನ್ರಾಕು ಅನ್ನೋ ಗೊಂಬೆಯಾಟದಲ್ಲಿ ಒಂದು ಗೊಂಬೆಗೆ ಮೂರು ಜನ, ಅದ್ರಲ್ಲಿ ಒಬ್ರು ಬರೀ ಕಾಲಿಗೆ, ಕಲಿಯೋರು ವರ್ಷಗಟ್ಟಲೆ ಕಾಲಲ್ಲೇ ಇರ್ತಾರಂತೆ. ನಮ್ಮ ಕುಂದಾಪುರ ಹತ್ತಿರದ ಉಪ್ಪಿನಕುದ್ರುವಿನಲ್ಲಿ ಗೊಂಬೆ ಆಡಿಸೋ ಮನೆತನದ ದೇವಣ್ಣ ಕಾಮತರಿಂದ ಕೊಗ್ಗ ಕಾಮತರಿಗೆ, ಅವ್ರಿಂದ ಭಾಸ್ಕರ ಕೊಗ್ಗ ಕಾಮತರಿಗೆ ಬಂದಿರೋದು ಇದೇ ಹೆಜ್ಜೆ, ಯಕ್ಷಗಾನದ ತಾಳಕ್ಕೆ ಸರಿಯಾಗಿ. ಊರಿಗೆ ಹೋದಾಗ ಮಕ್ಕಳನ್ನ ಅಲ್ಲಿಗೆ ಕರ್ಕೊಂಡು ಹೋಗಿ, ದಯವಿಟ್ಟು.

ಸೂಚನೆಗಳು ಬೇಗ ಬೇಗ: ನಮ್ಮ ಸಂಘದ ರಾಜ್ಯೋತ್ಸವ ನವೆಂಬರ್ ಎರಡನೇ ಶನಿವಾರ, ಊಟಕ್ಕೆ ಹೆಸರು ಈ ಶುಕ್ರವಾರದೊಳಗೆ ಕೊಡಿ, ಪಂದಿಕರಿ-ಕಡಂಬುಟ್ಟು (ಹಂದಿ ಸಾರು, ಅಕ್ಕಿ ಕಡುಬು) ಬೇರೆ ಟೇಬಲ್ಲಲ್ಲಿ, ಪಾರ್ಕಿಂಗ್ ಹಿಂದಿನ ಗೇಟಲ್ಲಿ. ಮಾರ್ಚ್ 21 ವಿಶ್ವ ಗೊಂಬೆಯಾಟ ದಿನ, ಅಷ್ಟರೊಳಗೆ ಮಕ್ಕಳಿಂದ ಹತ್ತು ನಿಮಿಷದ ಆಟ ಮಾಡಿಸ್ಬೇಕು ಅಂತ ಆಸೆ, ಹಳೇ ಜರಿ ಬ್ಲೌಸ್ ಪೀಸ್ ಇದ್ರೆ ಎತ್ತಿಡಿ. ಪತ್ರಿಕೆ ಕೆಲಸಕ್ಕೆ ಇರೋದೇ ನಾವಿಬ್ರು, ಇನ್ನೊಬ್ರು ಡಿಸೆಂಬರಲ್ಲಿ ಊರಿಗೆ ವಾಪಸ್ ಹೊರಟಿದ್ದಾರೆ. ಯಾರಾದ್ರೂ ಪೇಜ್ ಜೋಡಿಸೋಕೆ ಬನ್ನಿ, ಒಬ್ಬಳಿಂದ ನಿಜವಾಗ್ಲೂ ಆಗಲ್ಲ.

ಮಗಳು ಮರದ ಸೌಟು ಕೊಯ್ಸಿ, ಹಳೇ ಬೆಲ್ಟಿನ ತುಂಡಿಂದ ಮಂಡಿ ಮಾಡಿ ಮಲಗಿದ್ದಾಳೆ. ಆ ಗೊಂಬೆ ಟೇಬಲ್ ಮೇಲೆ ನನ್ನೆದುರೇ ಇದೆ. ದಾರ ಎಳೆದ್ರೆ ಮಂಡಿ ಪಕ್ಕಕ್ಕೆ ತಿರುಗುತ್ತೆ, ಮಡಚಲ್ಲ. ಮರಗೆಲಸ ಗೊತ್ತಿರೋರು ಫೋನ್ ಮಾಡಿ.